ತುತ್ತಿಗೆ ಮುಂಚಿನ ಒಂದು ಗಳಿಗೆ

ಮಡಗಾಂವ್, ಗೋವಾ

ಪ್ರೀತಿಯ ಪುಟ್ಟಿಗೆ,



ಚೌತಿ ಹತ್ತಿರ ಬಂತು. ಗಣಪತಿಯ ಮೇಲೆ ಕಟ್ಟುವ ಮಾಟೊಳಿಗೆ ಹಣ್ಣು-ಕಾಯಿ ಹೊಂದಿಸುವುದರಲ್ಲಿ ನಿನ್ನಜ್ಜಿಗೆ ಪುರುಸೊತ್ತಿಲ್ಲ.

ಮೊನ್ನೆ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. "ಅಜ್ಜ, ಪಿ.ಜಿ.ಯಲ್ಲಿ ಎಲ್ಲರೆದುರು ತಟ್ಟೆಗೆ ಕೈಮುಗಿಯೋಕೆ ಸಂಕೋಚ ಆಗತ್ತೆ. ಅಷ್ಟಕ್ಕೂ ದುಡ್ಡು ಕೊಟ್ಟು ತಿನ್ನೋ ಊಟಕ್ಕೆ ಯಾರಿಗೆ ಕೈಮುಗೀಬೇಕು?" ಒಳ್ಳೆಯ ಪ್ರಶ್ನೆ. ಕೇಳಿದ್ದಕ್ಕೆ ಸಂತೋಷವಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವೆಂದು ಕಾಗದ ಬರೆಯುತ್ತಿದ್ದೇನೆ.

ದುಡ್ಡಿನಿಂದಲೇ ಶುರುಮಾಡೋಣ. ಈ ಊರಿನ ಹೊಳೆದಂಡೆಗಳಲ್ಲಿ ಖಾಜನ್ ಗದ್ದೆಗಳಿವೆ, ನಮ್ಮ ಕುಮಟೆಯ ಕಡೆ ಗಜನಿ ಅನ್ನುತ್ತೇವಲ್ಲ, ಅಂಥವೇ. ಭರತದ ಉಪ್ಪುನೀರು ಒಳನುಗ್ಗದಂತೆ ಹಿಂದಿನವರು ಮಣ್ಣಿನ ಒಡ್ಡು ಕಟ್ಟಿ, ಅಲ್ಲಲ್ಲಿ ಮರದ ಬಾಗಿಲು ಕೂಡಿಸಿದರು. ಭರತ ಬಂದಾಗ ಹೊಳೆಯ ನೀರಿನ ಒತ್ತಡಕ್ಕೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಗದ್ದೆಯ ನೀರು ಅದನ್ನು ಒಳಗಿನಿಂದ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಮಳೆಗಾಲದ ನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಇಲ್ಲಿ ಕೊರ್ಗುಟ್, ಅಘನಾಶಿನಿಯ ದಂಡೆಯ ಮಾಣಿಕಟ್ಟೆಯಲ್ಲಿ ಕಗ್ಗ. ಎರಡೂ ಉಪ್ಪು ತಡೆಯುವ ಭತ್ತ. ಒಡ್ಡಿನಲ್ಲಿ ಏಡಿ ಕೊರೆದ ಒಂದು ತೂತನ್ನು ಅಲಕ್ಷ್ಯ ಮಾಡಿದರೆ ಸಾಕು, ಉಪ್ಪುನೀರು ನುಗ್ಗಿ ಇಡೀ ಬಯಲಿನ ಬೆಳೆ ಹಾಳು. ಅದಕ್ಕೇ ಒಡ್ಡು ಕಾಯುವುದು ಊರೊಟ್ಟಿನ ಕೆಲಸವಾಗಿತ್ತು.

ಈಗ ಹೇಳು ಮಗಳೇ, ಅಕ್ಕಿಯ ಬೆಲೆಯಲ್ಲಿ ಇದರಲ್ಲಿ ಯಾವುದಕ್ಕೆ ದುಡ್ಡು ಕೊಟ್ಟೆವು? ಉಪ್ಪು ತೊಳೆದ ಮಳೆಗೆ ಕೊಟ್ಟೆವೇ? ತಲೆಮಾರುಗಳ ಕಾಲ ಬೀಜ ಕಾಪಾಡಿದವರಿಗೆ, ಮಳೆಯಲ್ಲಿ ನೆನೆಯುತ್ತ ಒಡ್ಡಿಗೆ ಮಣ್ಣು ಹೊತ್ತವರಿಗೆ ಕೊಟ್ಟೆವೇ? ಅಂಗಡಿಯವನ ಲೆಕ್ಕ ಚುಕ್ತಾ ಆಗುತ್ತದೆ, ಈ ಋಣ ಹಾಗೇ ಉಳಿಯುತ್ತದೆ. ಅದನ್ನು ತೀರಿಸಲಾಗದು, ನೆನೆಯಬಹುದು. ಊಟಕ್ಕೆ ಮುಂಚಿನ ಪ್ರಾರ್ಥನೆ ಎಂದರೆ ಈ ನೆನಪೇ. ಈ ಅನ್ನ ನನ್ನ ಗಳಿಕೆಗಿಂತ ದೊಡ್ಡದು, ನನಗೆ ಸಿಕ್ಕಿದ್ದು ಎಂದು ಒಂದು ಗಳಿಗೆ ಒಪ್ಪಿಕೊಳ್ಳುವುದು.

ನಮ್ಮ ಮನೆಯಲ್ಲಿ ನೀನು ಚಿಕ್ಕಂದಿನಿಂದ ನೋಡಿದ್ದೀಯ. ಎಲೆಯ ಸುತ್ತ ನೀರು ಸುತ್ತಿ, ಬಲಗಡೆ ಚೂರು ಅನ್ನದ ಚಿತ್ರಾಹುತಿ ಇಟ್ಟು, ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಂಡು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂದು ಐದು ಸಣ್ಣ ತುತ್ತುಗಳನ್ನು ಅಗಿಯದೆ ನುಂಗುತ್ತೇವೆ. ಹಸಿವು ಒಳಗಿನ ಅಗ್ನಿ, ತುತ್ತು ಅದಕ್ಕೆ ಕೊಡುವ ಆಹುತಿ ಎಂಬ ಭಾವ ಅದು. ಆ ಭಾವವಿದ್ದಾಗ ಉಣ್ಣುವುದೂ ಪೂಜೆಯೇ.

ಗೋವಾಕ್ಕೆ ಬಂದ ಮೇಲೆ ಇದನ್ನೇ ಬೇರೆ ರೂಪದಲ್ಲಿ ಕಂಡೆ. ಪಣಜಿ ಪಕ್ಕದ ತಾಳಗಾಂವದಲ್ಲಿ ಆಗಸ್ಟ್ 21ಕ್ಕೆ ತೆನೆ ಹಬ್ಬ. ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ, ಜನ ಅದನ್ನು ಮನೆಗೆ ಒಯ್ದು ದೇವರ ಮುಂದೆ ಇಡುತ್ತಾರೆ. ಚೌತಿಯ ಮಾರನೆಯ ದಿನ ಇಲ್ಲಿನ ಹಿಂದೂ ಮನೆಗಳಲ್ಲೂ ಹೊಸ ತೆನೆಗೆ ಪೂಜೆ. ಗದ್ದೆ ಒಂದೇ, ಮಳೆ ಒಂದೇ, ಕೈಮುಗಿಯುವ ಬಗೆ ಎರಡು.

ನಮ್ಮ ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರೈಸ್ತರು. ಸೆಪ್ಟೆಂಬರ್ 8ರಂದು ಅವರಿಗೆ ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ. ಆಶೀರ್ವಾದವಾದ ತೆನೆಯ ಕಾಳು ಸುಲಿದು, ಅರೆದು, ಹಾಲಿಗೆ ಬೆರೆಸುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚಿದ ಮೇಲೆಯೇ ಊಟ. ಪರದೇಶದಲ್ಲಿರುವ ಮಕ್ಕಳಿಗೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುವ ರೂಢಿಯೂ ಆ ಸಮುದಾಯದಲ್ಲಿದೆ. ಪಂಕ್ತಿಯಲ್ಲಿ ಇಲ್ಲದವರಿಗೂ ಪಾಲು ತೆಗೆದಿಡುವ ಆ ಪದ್ಧತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಯಾಕೆಂದರೆ ಕೃತಜ್ಞತೆ ಬಾಯಿಮಾತಿನಲ್ಲಿ ನಿಲ್ಲಬಾರದು. ತನಗಾಗಿ ಮಾತ್ರ ಬೇಯಿಸಿಕೊಳ್ಳುವವರು ಪಾಪವನ್ನೇ ಉಣ್ಣುತ್ತಾರೆ ಎಂದು ಗೀತೆಯ 3ನೇ ಅಧ್ಯಾಯ ಕಟುವಾಗಿಯೇ ಹೇಳುತ್ತದೆ. ಯೇಸು ರೊಟ್ಟಿ ಹಿಡಿದು ದೇವರಿಗೆ ವಂದಿಸಿದ, ಮರುಕ್ಷಣವೇ ಅದನ್ನು ಮುರಿದು ಹಂಚಿದ. ಬಸವಾದಿ ಶರಣರು ದಾಸೋಹವನ್ನು ಕಾಯಕದ ಜೊತೆಗೇ ಇಟ್ಟರು. ಅನ್ನ ತನಗೆ ಸಿಕ್ಕಿದ್ದೆಂದು ನಿಜವಾಗಿ ತಿಳಿದವನಿಗೆ ಒಬ್ಬನೇ ಉಣ್ಣಲು ಮನಸ್ಸು ಬಾರದು, ತಟ್ಟೆಯಲ್ಲಿ ಬಿಟ್ಟು ಏಳಲೂ ಮನಸ್ಸು ಬಾರದು.

ಆದ್ದರಿಂದ ಮಗಳೇ, ಸಂಕೋಚವಾದರೆ ಕೈಮುಗಿಯಬೇಡ, ಮಂತ್ರವನ್ನೂ ಹೇಳಬೇಡ. ಮೊಬೈಲು ಪಕ್ಕಕ್ಕಿಟ್ಟು, ಬಿಸಿ ಅನ್ನವನ್ನು ಒಮ್ಮೆ ಕಣ್ತುಂಬ ನೋಡಿ, ಮನಸ್ಸಿನಲ್ಲೇ ನೆನೆದುಕೋ. ಉಣ್ಣುವಷ್ಟೇ ಬಡಿಸಿಕೋ. ಜ್ವರ ಬಂದು ಕೋಣೆಯಲ್ಲಿ ಮಲಗಿದ ಗೆಳತಿ ಇದ್ದರೆ ಮೊದಲು ಅವಳಿಗೊಂದು ತಟ್ಟೆ ಒಯ್ದು ಕೊಡು. ದೇವರಿದ್ದಾನೋ ಇಲ್ಲವೋ ಎಂಬ ನಿನ್ನ ವಾದ ಬೇಕಾದರೆ ನಡೆಯಲಿ, ನಿನ್ನ ವಯಸ್ಸಿಗೆ ಅದು ಸಹಜ. ಆ ವಾದ ಮುಗಿಯುವ ತನಕ ಈ ಅಭ್ಯಾಸವನ್ನು ತಡೆದಿಡಬೇಕಾಗಿಲ್ಲ. ದಿನಾ ಮಾಡುತ್ತ ಹೋದರೆ ಅದು ನಿನಗೆ ಕಲಿಸಬೇಕಾದ್ದನ್ನು ಕಲಿಸುತ್ತದೆ.

ಇನ್ನೊಂದು ಮಾತು. ನಿಮ್ಮ ಪಿ.ಜಿ.ಯಲ್ಲಿ ಅಡುಗೆ ಮಾಡುವ ಅಮ್ಮನ ಹೆಸರೇನು? ಯಾವ ಊರಿನವರು? ಅವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ? ಕೇಳಿ ತಿಳಿದುಕೊಂಡು ಮುಂದಿನ ಕಾಗದದಲ್ಲಿ ಬರೆ. ಊಟಕ್ಕೆ ಮುಂಚೆ ಅವರನ್ನು ಹೆಸರು ಹಿಡಿದು ನೆನೆಯಲು ಸಾಧ್ಯವಾದ ದಿನ ನಿನ್ನ ಪ್ರಾರ್ಥನೆ ಶುರುವಾಯಿತೆಂದೇ ತಿಳಿ.

ಹೊತ್ತುಹೊತ್ತಿಗೆ ಉಣ್ಣು. ಆರೋಗ್ಯ ನೋಡಿಕೋ.

ಇಂತಿ ನಿನ್ನ ಪ್ರೀತಿಯ
ಅಜ್ಜ