ಆನೆಯ ದನಿ ಮತ್ತು ಆನೆಯ ಹಿತ

ಮೂಕಪ್ರಾಣಿ ಎಂಬ ಮಾತು ನಮ್ಮಲ್ಲಿ ಬಹು ಹಿಂದಿನಿಂದ ಬಂದದ್ದು. ಅದರಲ್ಲಿ ದಯೆಯೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ತನ್ನ ನೋವನ್ನು ಹೇಳಿಕೊಳ್ಳಲಾರದ ಜೀವವನ್ನು ಹಿಂಸಿಸಬಾರದೆಂಬುದು ದಯೆ. ನಮಗೆ ಕೇಳಿಸದ ಮಾತ್ರಕ್ಕೆ ಅದು ಏನನ್ನೂ ಹೇಳುತ್ತಿಲ್ಲವೆಂದು ನಿಶ್ಚಯಿಸುವುದು ತಪ್ಪು ತಿಳಿವಳಿಕೆ. ಕಳೆದ ನಾಲ್ಕು ದಶಕಗಳಲ್ಲಿ ಆನೆಯ ದನಿಯನ್ನು ಕುರಿತು ನಡೆದಿರುವ ಸಂಶೋಧನೆ ಈ ತಪ್ಪನ್ನು ತಿದ್ದುವಂಥದು. ಭಾರತದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ಕರ್ನಾಟಕ. 2023ರ ಗಣತಿಯಲ್ಲಿ ಅವುಗಳ ಸಂಖ್ಯೆಯನ್ನು 6,395 ಎಂದು ಅಂದಾಜು ಮಾಡಲಾಯಿತು. ಆದಕಾರಣ ಈ ವಿಷಯ ನಮಗೆ ದೂರದ್ದಲ್ಲ.

ಆನೆ ಘೀಳಿಡುವುದನ್ನು ಎಲ್ಲರೂ ಬಲ್ಲರು. ಆದರೆ ಘೀಳು ಅದರ ದನಿಗಳಲ್ಲಿ ಒಂದು ಮಾತ್ರ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಅದಕ್ಕಿಂತ ತಗ್ಗಿದ ದನಿ ನಮಗೆ ನಿಲುಕದು. ತಿಮಿಂಗಿಲಗಳ ಹಾಡನ್ನು ಅಭ್ಯಾಸ ಮಾಡಿದ್ದ ಕೇಟಿ ಪೇಯ್ನ್ ಎಂಬ ವಿದುಷಿ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳನ್ನು ಗಮನಿಸುತ್ತಿದ್ದಾಗ ಗಾಳಿಯಲ್ಲಿ ಒಂದು ಬಗೆಯ ಮಿಡಿತ ಅವರ ಮೈಗೆ ತಾಕಿತು. ಕಿವಿಗೆ ಏನೂ ಕೇಳಿಸಲಿಲ್ಲ. ಹಿಂದೆ ಇಗರ್ಜಿಯಲ್ಲಿ ಹಾಡುತ್ತಿದ್ದಾಗ ಆರ್ಗನ್ ವಾದ್ಯದ ಅತಿ ಮಂದ್ರ ಸ್ವರವೂ ಹೀಗೆಯೇ ಮೈಗೆ ತಾಕುತ್ತಿದ್ದುದು ಅವರಿಗೆ ನೆನಪಾಯಿತು. ಸಹೋದ್ಯೋಗಿಗಳೊಡನೆ ಅಲ್ಲಿ ಧ್ವನಿಮುದ್ರಣ ಮಾಡಿ, ಅದನ್ನು ವೇಗ ಹೆಚ್ಚಿಸಿ ಕೇಳಿದಾಗ ಅಡಗಿದ್ದ ದನಿ ಹೊರಬಂತು. ಆ ಆನೆಗಳು ನಮ್ಮ ಕಾಡಿನ ಆನೆಗಳಂತೆ ಏಷ್ಯದ ಜಾತಿಯವು. ಸೆಕೆಂಡಿಗೆ 14ರಿಂದ 24 ಕಂಪನಗಳ ಈ ಕರೆಗಳನ್ನು ಕುರಿತ ಲೇಖನ 1986ರಲ್ಲಿ ಪ್ರಕಟವಾಯಿತು.

ಹಿಂದಿನ ಬೇಟೆಗಾರರು ಆನೆಯ ಗುಡುಗುಡು ಸದ್ದನ್ನು ಹೊಟ್ಟೆಯ ಸದ್ದೆಂದು ಎಣಿಸಿದ್ದುಂಟು. ಅದು ಹುಟ್ಟುವುದು ಗಂಟಲಿನಲ್ಲಿ. ಬರ್ಲಿನ್ ನಗರದಲ್ಲಿ ಸಹಜವಾಗಿ ಸತ್ತ ಆನೆಯೊಂದರ ಧ್ವನಿಪೆಟ್ಟಿಗೆಯ ಮೂಲಕ ಗಾಳಿಯನ್ನು ಹಾಯಿಸಿ, ಮನುಷ್ಯ ಹಾಡುವಾಗ ಗಂಟಲಿನ ತಂತುಗಳು ಕಂಪಿಸುವಂತೆಯೇ ಅದರ ತಂತುಗಳೂ ಕಂಪಿಸುವುದನ್ನು ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು.

ತಗ್ಗಿದ ದನಿ ಮರಗಿಡಗಳ ನಡುವೆಯೂ ಹೆಚ್ಚು ಸೊರಗದೆ ಬಹುದೂರ ಸಾಗುತ್ತದೆ. ಆಫ್ರಿಕದ ನಮೀಬಿಯಾ ದೇಶದ ಏಟೋಷಾ ಅರಣ್ಯದಲ್ಲಿ ಸಂಶೋಧಕರು ಆನೆಗಳ ಮುದ್ರಿತ ಕರೆಗಳನ್ನು ಧ್ವನಿವರ್ಧಕದಿಂದ ನುಡಿಸಿದರು. 2 ಕಿಲೋಮೀಟರು ದೂರದ ಆನೆಗಳು ತಲೆಯೆತ್ತಿ, ಕಿವಿಯರಳಿಸಿ ನಿಂತವು. ಧ್ವನಿವರ್ಧಕದ ಶಕ್ತಿ ನಿಜವಾದ ಕರೆಯ ಅರ್ಧದಷ್ಟೇ ಇದ್ದುದರಿಂದ, ನಿಜವಾದ ಕರೆ 4 ಕಿಲೋಮೀಟರಿನವರೆಗೆ ಮುಟ್ಟಬಲ್ಲುದೆಂದು 1991ರಲ್ಲಿ ಅವರು ಬರೆದರು.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ಪ್ರಯೋಗಗಳ ಕ್ರಮವೇ ಒಂದು ಪಾಠ. ಪ್ರಾಣಿಯ ಮನಸ್ಸನ್ನು ನಾವೇ ಊಹಿಸಿ ಅದರ ಪರವಾಗಿ ಮಾತನಾಡುವುದು ಹಳೆಯ ಪದ್ಧತಿ. ಇಲ್ಲಿಯಾದರೋ ಪ್ರಶ್ನೆಯನ್ನು ಆನೆಗೇ ಕೇಳಿ, ಉತ್ತರವನ್ನು ಅದರ ನಡೆಯಿಂದ ಪಡೆಯುತ್ತಾರೆ. ಕೆನ್ಯದ ಅಂಬೊಸೆಲಿಯಲ್ಲಿ ಕರೆನ್ ಮೆಕೋಂಬ್ ಮತ್ತು ಸಂಗಡಿಗರು ಹೀಗೆ ಕೇಳಿ, ಒಂದು ಹೆಣ್ಣಾನೆ ಸುಮಾರು 100 ಆನೆಗಳನ್ನು ದನಿಯಿಂದಲೇ ಗುರುತಿಸಬಲ್ಲುದೆಂದು 2000ದಲ್ಲಿ ತಿಳಿಸಿದರು. ಸತ್ತುಹೋಗಿದ್ದ ಒಂದು ಆನೆಯ ಮುದ್ರಿತ ದನಿಯನ್ನು ಅದರ ಕುಟುಂಬಕ್ಕೆ ಕೇಳಿಸಿದಾಗ ಆ ಕುಟುಂಬದ ಆನೆಗಳು ಮರುದನಿಗೊಟ್ಟವು. ಆಗ ಅದು ಸತ್ತು 23 ತಿಂಗಳಾಗಿತ್ತು. ಇದನ್ನು ದುಃಖವೆನ್ನಬೇಕೆ, ನೆನಪೆನ್ನಬೇಕೆ ಎಂಬುದು ಚರ್ಚೆಯ ವಿಷಯ. ಆದರೆ ಯಾರ ದನಿ ಎಂಬುದನ್ನು ಅವು ಮರೆತಿರಲಿಲ್ಲ.

ಈ ಜ್ಞಾನದಿಂದ ಪ್ರಯೋಜನವೇನೆಂದು ಕಾಡಂಚಿನ ರೈತನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆನೆಯ ಹಿತವನ್ನು ಬೋಧಿಸುವುದು ಸುಲಭ. ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ರಾಗಿ ಹೊಲವನ್ನು ಕಾಯುವುದು ಸುಲಭವಲ್ಲ. ದಕ್ಷಿಣ ಭಾರತದಲ್ಲಿ ಆನೆಗಳು ಹೊಲಕ್ಕೆ ಇಳಿಯುವ ಹಾದಿಗಳಲ್ಲಿ ಹುಲಿ, ಚಿರತೆಗಳ ಗುರುಗುಟ್ಟುವಿಕೆಯನ್ನು ನುಡಿಸಿ ನೋಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಹುಲಿಯ ದನಿಗೆ ಆನೆಗಳು ಸದ್ದಿಲ್ಲದೆ ಹಿಂದೆ ಸರಿದವು. ಚಿರತೆಯ ದನಿಗಾದರೋ ಘೀಳಿಟ್ಟು ಸಿಟ್ಟು ತೋರಿದವು. ಹುಲಿಯಿಂದ ಮರಿಗೆ ಅಪಾಯವುಂಟು, ಚಿರತೆಯಿಂದ ಅಷ್ಟಿಲ್ಲ ಎಂಬ ವಿವೇಚನೆ ಅವುಗಳಿಗಿದೆ. ಕೆನ್ಯದಲ್ಲಿ ಲೂಸಿ ಕಿಂಗ್ ಮೊದಲಾದವರು ರೊಚ್ಚಿಗೆದ್ದ ಜೇನ್ನೊಣಗಳ ಸದ್ದಿಗೆ ಆನೆಗಳು ಓಡುವುದನ್ನು 2007ರಲ್ಲಿ ಕಂಡು, ಹೊಲದ ಸುತ್ತ ಜೇನುಪೆಟ್ಟಿಗೆಗಳ ಬೇಲಿ ಕಟ್ಟಿಸಿದರು. ಬೆಳೆಗೂ ರಕ್ಷಣೆ, ರೈತನಿಗೆ ಜೇನಿನ ಆದಾಯ, ಆನೆಗೆ ಗಾಯವಿಲ್ಲ. ಪಟಾಕಿ, ಗುಂಡುಗಳಿಗಿಂತ ಇದು ಮೇಲಾದ ದಾರಿಯೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಾವು ಸಾಕುವ ಆನೆಗಳ ವಿಚಾರ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಾಣಿಯನ್ನು ಅತಿ ಗಿಡ್ಡವಾದ, ಅತಿ ಭಾರವಾದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಬ್ರಿಟನ್ನಿನಲ್ಲಿ 1979ರಲ್ಲಿ ರೂಪುಗೊಂಡ, ಪ್ರಾಣಿಗಳಿಗೆ ಸಲ್ಲಬೇಕಾದ ಐದು ಸ್ವಾತಂತ್ರ್ಯಗಳಲ್ಲಿ ಹಸಿವು ಬಾಯಾರಿಕೆಗಳಿಲ್ಲದಿರುವುದರ ಜೊತೆಗೆ ಸಹಜವಾದ ನಡವಳಿಕೆಗೆ ಅವಕಾಶವೂ ಸೇರಿದೆ. ಸ್ವಜಾತಿಯ ಸಹವಾಸ ಅದರ ಒಂದು ಅಂಗ. ಸರಪಳಿಯ ಉದ್ದವನ್ನು ಅಳೆಯಬಹುದು, ಮೇವನ್ನು ತೂಗಬಹುದು. ಸಹವಾಸವನ್ನು ಅಳೆಯುವ ಬಗೆ ಹೇಗೆ? ಮೇಲಿನ ಸಂಶೋಧನೆ ನಮಗೊಂದು ಅಳತೆಗೋಲನ್ನು ಕೊಟ್ಟಿದೆಯೆಂದು ನನ್ನ ಭಾವನೆ. ಕಿಲೋಮೀಟರುಗಳಾಚೆಯ ದನಿಗೆ ಕಿವಿಗೊಡುವ, ನೂರು ಜೊತೆಗಾರರನ್ನು ದನಿಯಿಂದ ಅರಿಯುವ ಕುಲದ ಜೀವವನ್ನು ಒಂದು ಅಂಗಳದಲ್ಲಿ ಒಂಟಿಯಾಗಿ ಕಟ್ಟಿದರೆ, ಮೇವು ಎಷ್ಟೇ ಇರಲಿ, ಅದರ ಬಾಳಿನ ದೊಡ್ಡ ಪಾಲನ್ನು ಕಿತ್ತುಕೊಂಡಂತೆಯೇ ಸರಿ. ದುಬಾರೆ, ಸಕ್ರೆಬೈಲುಗಳಂಥ ಶಿಬಿರಗಳಲ್ಲಿ ಸಾಕಾನೆಗಳನ್ನು ರಾತ್ರಿ ಕಾಡಿನಲ್ಲಿ ಮೇಯಬಿಡುವ ರೂಢಿ ಈ ದೃಷ್ಟಿಯಿಂದ ಬೆಲೆಯುಳ್ಳದ್ದು. ಅಲ್ಲಿ ಆನೆಗೆ ಸೊಪ್ಪು ದೊರೆಯುವುದಷ್ಟೇ ಅಲ್ಲ, ಇನ್ನೊಂದು ಆನೆಯ ದನಿಯೂ ದೊರೆಯುತ್ತದೆ.

ಆದ್ದರಿಂದ ಆನೆಯನ್ನು ಸಾಕುವವರು, ಮೆರವಣಿಗೆಗೆ ಕರೆಸುವವರು, ನೋಡಿ ನಲಿಯುವ ನಾವು, ಮೇವು ನೀರುಗಳ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಕರ್ತವ್ಯ: ಇದು ಕರೆದರೆ ಓಗೊಡುವುದಕ್ಕೆ ಹತ್ತಿರದಲ್ಲಿ ಇನ್ನೊಂದು ಆನೆ ಇದೆಯೆ?