ಮಂಗನ ಕಾಯಿಲೆಯ ವೈರಸ್ ಒಳಗೆ ಏನಿದೆ?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಕಾರಣ, ಉಣುಗು ಕಚ್ಚಿದಾಗ ಮೈ ಸೇರುವ ಒಂದು ವೈರಸ್. ಇದನ್ನೇ ಉದಾಹರಣೆಯಾಗಿ ಇಟ್ಕೊಂಡು ವೈರಸ್ ಅಂದ್ರೆ ಏನು ಅಂತ ನೋಡೋಣ.

ರಚನೆ: ಒಳಗೆ ಒಂಟಿ ಎಳೆಯ ಆರ್‌ಎನ್‌ಎ, ಸುಮಾರು 11,000 ಅಕ್ಷರ ಉದ್ದ. ಅದರ ಸುತ್ತ ಪ್ರೋಟೀನ್ ಕವಚ, ಅದರ ಮೇಲೆ ಕೊಬ್ಬಿನ ಪೊರೆ. ಈ ಪೊರೆಯ ಕೊಬ್ಬು ನಮ್ಮ ಜೀವಕೋಶದಿಂದಲೇ ಕದ್ದದ್ದು!

ವರ್ಗೀಕರಣ: ವೈರಸ್ ತನ್ನ ಎಂಆರ್‌ಎನ್‌ಎಯನ್ನು ಹೇಗೆ ಪಡೆಯುತ್ತೆ ಅನ್ನೋದನ್ನು ನೋಡಿ ಗುಂಪು ಮಾಡುವ ಕ್ರಮವನ್ನು 1971ರಲ್ಲಿ ಡೇವಿಡ್ ಬಾಲ್ಟಿಮೋರ್ ಕೊಟ್ಟರು. ಈಗ ಏಳು ಗುಂಪುಗಳಿವೆ. ನಮ್ಮ ವೈರಸ್ ನಾಲ್ಕನೆಯದರಲ್ಲಿದೆ, ಅಂದ್ರೆ ಇದರ ಆರ್‌ಎನ್‌ಎಯೇ ನೇರವಾಗಿ ಎಂಆರ್‌ಎನ್‌ಎ. ಡೆಂಗಿ, ಕೊರೊನಾ ಕೂಡ ಇದೇ ಗುಂಪು.

ವೃದ್ಧಿ: ಕೋಶದೊಳಗೆ ಆರ್‌ಎನ್‌ಎ ಬಿಚ್ಚಿಕೊಂಡರೆ ಸಾಕು, ನಮ್ಮ ರೈಬೋಸೋಮ್ ಅದನ್ನು ಓದಿ ಒಂದು ಉದ್ದದ ಪ್ರೋಟೀನ್ ಮಾಡಿಕೊಡುತ್ತೆ. ಕಿಣ್ವಗಳು ಅದನ್ನು ಹತ್ತು ಪ್ರೋಟೀನ್‌ಗಳಾಗಿ ಕತ್ತರಿಸುತ್ತವೆ. ಮೂರು ಮೈ ಕಟ್ಟೋಕೆ, ಉಳಿದ ಏಳು ಮುಖ್ಯವಾಗಿ ನಕಲು ಕೆಲಸಕ್ಕೆ. ಮೊದಲು ವಿರುದ್ಧ ಎಳೆ, ಆಮೇಲೆ ಅದನ್ನೇ ಅಚ್ಚಾಗಿಟ್ಟು ಹೊಸ ಎಳೆಗಳು. ಇವು ಕವಚ ತೊಟ್ಟು ಹೊರಬೀಳುತ್ತವೆ.

ಆಂಟಿಬಯೋಟಿಕ್‌ಗಳು ಹೊಡೆಯೋದು ಬ್ಯಾಕ್ಟೀರಿಯಾದ ಗೋಡೆ, ರೈಬೋಸೋಮ್‌ನಂಥ ಭಾಗಗಳಿಗೆ. ವೈರಸ್‌ಗೆ ಇವೆರಡೂ ಇಲ್ಲ, ಹಾಗಾಗಿ ಆ ಮಾತ್ರೆ ಇಲ್ಲಿ ನಾಟೋದಿಲ್ಲ. ಕಾಡಿಗೆ ಹೋಗುವಾಗ ಮೈತುಂಬಾ ಬಟ್ಟೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.