ಪಟ್ಟಿಯಲ್ಲಿ ನಿಮ್ಮ ನಂಬರ್ ಎಷ್ಟು?

ಹಾಸ್ಟೆಲ್‌ನಲ್ಲಿ ರೂಮ್ ಹಂಚುವ ದಿನವನ್ನು ನೆನಪಿಸಿಕೊಳ್ಳಿ. ಗಾಳಿ ಬೆಳಕು ಇರುವ, ನಲ್ಲಿಯಲ್ಲಿ ನೀರು ಸರಿಯಾಗಿ ಬರುವ ರೂಮುಗಳೆಲ್ಲ ಫೈನಲ್ ಇಯರ್‌ನವರಿಗೆ. ಆಮೇಲೆ ಥರ್ಡ್ ಇಯರ್. ಬಾತ್‌ರೂಮಿನ ಪಕ್ಕದ, ವೈ-ಫೈ ತಲುಪದ ರೂಮು ನಮಗೆ. ಗೊಣಗಿದರೆ ಸೀನಿಯರ್‌ಗಳ ಉತ್ತರ ರೆಡಿ ಇರುತ್ತೆ: "ಇರ್ರೋ, ನಾಳೆ ನೀವೂ ಸೀನಿಯರ್ ಆಗ್ತೀರಲ್ಲ!" ನಾವೂ ಸುಮ್ಮನಾಗ್ತೀವಿ. ಎರಡು ಮೂರು ವರ್ಷದ ಮಾತು ತಾನೆ.

ಅದೇ ಉತ್ತರವನ್ನು ನೆಚ್ಚಿಕೊಂಡು ಮೂವತ್ತು ವರ್ಷ ಕಾಯಬೇಕಾದರೆ? ಕಾಯುತ್ತ ಇರುವಾಗ ಹಾಸ್ಟೆಲ್ಲೇ ಮುಚ್ಚಿಹೋದರೆ? ಅಥವಾ ಪಕ್ಕದ ಕಾಲೇಜಿನ ಹಾಸ್ಟೆಲ್ ಜೊತೆ ವಿಲೀನವಾದರೆ? ನಮ್ಮ ಓದುಕೂಟದಲ್ಲಿ ಈ ಸಲ ಎತ್ತಿಕೊಂಡ ವಿಷಯ ಇದೇ. ಆದರೆ ಹಾಸ್ಟೆಲ್ಲಿನದಲ್ಲ, ವಿಮಾನ ಹಾರಿಸುವ ಪೈಲಟ್‌ಗಳದ್ದು.

ಮೊದಲು ಆ ವೃತ್ತಿಯ ಒಂದು ವಿಚಿತ್ರ ತಿಳಿದಿರಬೇಕು. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಪ್ರತಿ ಪೈಲಟ್‌ಗೂ ಒಂದು ನಂಬರ್ ಇರುತ್ತದೆ. ಅದು ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಅವರ ಸ್ಥಾನ. ಯಾವ ಊರಿನಿಂದ ಹಾರಬೇಕು, ಯಾವ ವಿಮಾನ, ಕ್ಯಾಪ್ಟನ್ ಸೀಟೋ ಪಕ್ಕದ ಫಸ್ಟ್ ಆಫೀಸರ್ ಸೀಟೋ, ಹಬ್ಬಕ್ಕೆ ರಜೆ ಸಿಗುತ್ತೋ ಇಲ್ಲವೋ, ಎಲ್ಲವನ್ನೂ ಈ ನಂಬರ್ ಪ್ರಕಾರವೇ ಆರಿಸಿಕೊಳ್ಳುವುದು. ಮೇಲಿನವರು ಆರಿಸಿ ಬಿಟ್ಟದ್ದು ಕೆಳಗಿನವರಿಗೆ. ಕಂಪನಿ ನಷ್ಟಕ್ಕೆ ಬಿದ್ದು ಜನರನ್ನು ಮನೆಗೆ ಕಳಿಸುವಾಗ ಮಾತ್ರ ಎಣಿಕೆ ಕೆಳಗಿನಿಂದ ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಈ ನಂಬರ್ ಆ ಕಂಪನಿಯಲ್ಲಿ ಮಾತ್ರ ಚಲಾವಣೆ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರು ಬೇರೆ ಏರ್‌ಲೈನ್‌ಗೆ ಹೋದರೆ ಅಲ್ಲಿ ನಿನ್ನೆ ಸೇರಿದವರ ಕೆಳಗೆ ಹೆಸರು ಬರೆಸಬೇಕು. ನಮ್ಮ ಸಾಫ್ಟ್‌ವೇರ್ ಅಣ್ಣಂದಿರ ಥರ ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸಿ ಸಂಬಳ ಏರಿಸಿಕೊಳ್ಳೋ ಆಟ ಇಲ್ಲಿ ನಡೆಯಲ್ಲ.

ಇದು ಬರೀ ದರ್ಪಕ್ಕೆ ಹುಟ್ಟಿದ ವ್ಯವಸ್ಥೆ ಅಂದ್ಕೋಬೇಡಿ. 1919ರಲ್ಲಿ ಅಮೆರಿಕದ ಅಂಚೆ ವಿಮಾನಗಳ ಪೈಲಟ್‌ಗಳು ಮುಷ್ಕರ ಹೂಡಿದ್ದರು. ಮಂಜಿನಲ್ಲಿ ಹಾರಲ್ಲ ಅಂದವರನ್ನು ಕೆಲಸದಿಂದ ತೆಗೆದದ್ದು ಅದಕ್ಕೆ ಕಾರಣ. ಬಡ್ತಿ, ಒಳ್ಳೆಯ ರೂಟು ಎಲ್ಲವೂ ಬಾಸ್ ಮರ್ಜಿಯಲ್ಲಿದ್ದರೆ "ಹವಾಮಾನ ಸರಿ ಇಲ್ಲ" ಎನ್ನುವ ಧೈರ್ಯ ಯಾರಿಗೆ ಬರುತ್ತೆ? ತಾರೀಖಿನ ಪ್ರಕಾರ ಪಟ್ಟಿ ಇದ್ದರೆ ಬಾಸ್ ಅದನ್ನು ತಿದ್ದುವ ಹಾಗಿಲ್ಲ. 1931ರಲ್ಲಿ ಹುಟ್ಟಿದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಎಂಬ ಯೂನಿಯನ್ನಿಗೆ ಈ ಪಟ್ಟಿಯೇ ಬೆನ್ನೆಲುಬಾಯಿತು. ಎಲ್ಲರೂ ಅದನ್ನು ಚಿಕ್ಕದಾಗಿ 'ಅಲ್ಪಾ' ಅಂತಾರೆ. ಹೆಸರಷ್ಟೇ ಅಲ್ಪ, ಶಕ್ತಿ ಅಲ್ಪವಲ್ಲ.

ಈಗ ಜಗಳಕ್ಕೆ ಬರೋಣ. 1978ರಲ್ಲಿ ಅಮೆರಿಕ ಸರ್ಕಾರ ವಿಮಾನಯಾನದ ಮೇಲಿದ್ದ ದರ ಮತ್ತು ಮಾರ್ಗಗಳ ನಿಯಂತ್ರಣವನ್ನು ತೆಗೆಯಲು ಕಾನೂನು ಮಾಡಿತು. ಕಡಿಮೆ ಸಂಬಳ ಕೊಡುವ ಹೊಸ ಕಂಪನಿಗಳು ಬಂದವು. ಹಳೇ ಕಂಪನಿಗಳು ಖರ್ಚು ಇಳಿಸಲು ದಾರಿ ಹುಡುಕಿದವು. 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರಾಂಡಲ್ ಒಂದು ಜಾಣ ಉಪಾಯ ಮುಂದಿಟ್ಟರು: ಈಗಿರುವವರ ಸಂಬಳ ಮುಟ್ಟೋದಿಲ್ಲ, ಇನ್ನು ಮುಂದೆ ಸೇರುವವರಿಗೆ ಮಾತ್ರ ಬಹಳ ಕಡಿಮೆಯ ಬೇರೆ ಸಂಬಳ ಪಟ್ಟಿ. ಅದೇ 'ಬಿ-ಸ್ಕೇಲ್'. ಒಪ್ಪಂದಕ್ಕೆ ಓಟು ಹಾಕುವವರು ಯಾರು? ಈಗಿರುವವರು. ನಷ್ಟ ಯಾರಿಗೆ? ಇನ್ನೂ ಕೆಲಸಕ್ಕೇ ಸೇರದವರಿಗೆ. ಅವರಿಗೆ ಓಟೂ ಇಲ್ಲ, ಮೀಟಿಂಗ್‌ನಲ್ಲಿ ಕುರ್ಚಿಯೂ ಇಲ್ಲ. ಒಪ್ಪಂದ ಪಾಸಾಯಿತು. ಒಂದೇ ಕಾಕ್‌ಪಿಟ್, ಒಂದೇ ಯೂನಿಫಾರ್ಮ್, ಒಂದೇ ಕೆಲಸ, ಎರಡು ಸಂಬಳ.

ಸೀನಿಯರ್‌ಗಳು ಯಾವಾಗಲೂ ಹೀಗೇ ಅಂತ ತೀರ್ಮಾನಿಸುವ ಮುಂಚೆ 1985 ನೋಡಬೇಕು. ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ರಿಚರ್ಡ್ ಫೆರಿಸ್ ಅದೇ ಬಿ-ಸ್ಕೇಲ್ ತರಲು ಹೊರಟರು. ಮುಷ್ಕರ ಬಂದರೆ ಇರಲಿ ಅಂತ ಕಂಪನಿ ಸುಮಾರು 570 ಹೊಸ ಪೈಲಟ್‌ಗಳಿಗೆ ತರಬೇತಿ ಕೊಟ್ಟು ಇಟ್ಟುಕೊಂಡಿತ್ತು. ಮೇ 17ರಂದು ಮುಷ್ಕರ ಶುರುವಾಯಿತು. ಆ 570 ಜನರ ಸ್ಥಿತಿ ಯೋಚಿಸಿ. ತರಬೇತಿ ಮುಗಿದಿದೆ, ಬಾಗಿಲ ಹೊರಗೆ ಕನಸಿನ ಕೆಲಸ ಕಾಯ್ತಿದೆ, ಒಳಗೆ ಹೋಗಲು ಮುಷ್ಕರದ ಸಾಲು ದಾಟಬೇಕು ಅಷ್ಟೇ. ಅವರಿನ್ನೂ ಯೂನಿಯನ್‌ನ ಪೂರ್ಣ ಸದಸ್ಯರೂ ಅಲ್ಲ. ಆದರೂ ಬಹುತೇಕ ಎಲ್ಲರೂ ದಾಟಲಿಲ್ಲ.

ಸಂಬಳದ ಪ್ರಶ್ನೆ ಬೇಗನೇ ಒಂದು ಹಂತಕ್ಕೆ ಬಂತು. ಮುಷ್ಕರ ಎಳೆದದ್ದು ಬೇರೆ ಕಾರಣಕ್ಕೆ. ಸಾಲು ದಾಟದ ಆ ಹೊಸಬರನ್ನು ಕೆಲಸಕ್ಕೆ ತಗೊಳ್ಳಲ್ಲ ಅಂತ ಕಂಪನಿ ಪಟ್ಟು ಹಿಡಿಯಿತು, ಸಾಲು ದಾಟಿದವರಿಗೆ ಪಟ್ಟಿಯಲ್ಲಿ ಲಾಭ ಕೊಡಲು ಹೊರಟಿತು. ಅಂದರೆ ಸಾವಿರಾರು ಹಿರಿಯ ಪೈಲಟ್‌ಗಳು ಸಂಬಳವಿಲ್ಲದೆ ಹೊರಗೆ ಉಳಿದದ್ದರಲ್ಲಿ ಒಂದು ಪಾಲು ಈ ಹೊಸಬರಿಗಾಗಿ. 29 ದಿನಕ್ಕೆ ಮುಷ್ಕರ ಮುಗಿಯಿತು, 570 ಜನರ ವಿಷಯ ಕೋರ್ಟಿಗೆ ಹೋಯಿತು, ಕೋರ್ಟು ಅವರ ಪರ ನಿಂತಿತು. ಆದರೆ ಬಿ-ಸ್ಕೇಲ್? ಅದನ್ನು ಪೂರ್ತಿ ತಡೆಯಲಾಗಲಿಲ್ಲ. ಕೆಲವು ವರ್ಷಗಳ ಬಳಿಕ ಮುಖ್ಯ ಪಟ್ಟಿಗೆ ಸೇರುವ ರೂಪದಲ್ಲಿ ಅದು ಬಂದೇ ಬಂತು. ಸಾಲು ದಾಟದೆ ನಿಂತವರೇ ಕಡಿಮೆ ಸಂಬಳಕ್ಕೆ ಕೆಲಸ ಶುರು ಮಾಡಬೇಕಾಯಿತು. ಈ ಭಾಗ ಓದುವಾಗ ನಮ್ಮ ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಲ್ಲಿಯವರೆಗೆ ಯಾರು ಸೀನಿಯರ್, ಯಾರು ಜೂನಿಯರ್ ಎನ್ನುವುದರಲ್ಲಿ ಗೊಂದಲ ಇರಲಿಲ್ಲ. 2005ರಲ್ಲಿ ಅದೂ ಬಂತು. ದಿವಾಳಿಯಲ್ಲಿದ್ದ ಯುಎಸ್ ಏರ್‌ವೇಸ್ ಮತ್ತು ಅರಿಜೋನಾದ ಅಮೆರಿಕ ವೆಸ್ಟ್ ವಿಲೀನವಾದವು. ಮೊದಲನೆಯದರ ಪೈಲಟ್‌ಗಳಿಗೆ 'ಪೂರ್ವ', ಎರಡನೆಯವರಿಗೆ 'ಪಶ್ಚಿಮ' ಅಂತ ಹೆಸರು ಬಿತ್ತು. ಎರಡು ಕಡೆಯೂ ಅಲ್ಪಾ ಯೂನಿಯನ್ನೇ. ಈಗ ಎರಡು ಪಟ್ಟಿಗಳನ್ನು ಒಂದು ಮಾಡಬೇಕು.

ಎರಡು ಸಾರ್ಟೆಡ್ ಲಿಸ್ಟ್ ಮರ್ಜ್ ಮಾಡೋದು ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಎಲ್ಲರೂ ಬರೆದಿರೋ ಪ್ರೋಗ್ರಾಂ, ಹತ್ತು ಸಾಲು ಅಷ್ಟೇ ಅಂತೀರಾ? ಯಾವ ಕೀ ಮೇಲೆ ಸಾರ್ಟ್ ಮಾಡ್ತೀರಿ ಹೇಳಿ. ಒಂದು ಸಣ್ಣ ಉದಾಹರಣೆ ನಾವೇ ಮಾಡಿಕೊಂಡೆವು. 'ಅ' ಕಂಪನಿಯಲ್ಲಿ ಆರು ಪೈಲಟ್‌ಗಳು, ಸೇರಿದ ವರ್ಷ 1978, 1982, 1985, 1986, 1988, 1989. ಕೊನೆಯ ಇಬ್ಬರನ್ನು ಕಂಪನಿ ಮನೆಗೆ ಕಳಿಸಿದೆ. 'ಬ' ಕಂಪನಿಯಲ್ಲಿ ನಾಲ್ವರು: 1987, 1996, 2001, 2005. ನಾಲ್ವರಿಗೂ ಕೆಲಸ ಇದೆ. ಎರಡೂ ಕಡೆ ಮೊದಲ ಇಬ್ಬರು ಕ್ಯಾಪ್ಟನ್. ಒಟ್ಟು ಎಂಟು ಕೆಲಸ, ನಾಲ್ಕು ಕ್ಯಾಪ್ಟನ್ ಸೀಟು.

ಸೇರಿದ ತಾರೀಖಿನ ಪ್ರಕಾರ ಮರ್ಜ್ ಮಾಡಿ. ಮೊದಲ ನಾಲ್ಕೂ ಹೆಸರು 'ಅ' ಕಂಪನಿಯವು. 'ಬ' ಕಂಪನಿಯ ಇಬ್ಬರು ಕ್ಯಾಪ್ಟನ್‌ಗಳು ಸೀಟು ಕಳೆದುಕೊಂಡರು. ಮನೆಯಲ್ಲಿದ್ದ 1988, 1989ರವರು ಒಳಗೆ ಬಂದರು, ಕೆಲಸದಲ್ಲಿದ್ದ 2001, 2005ರವರು ಬೀದಿಗೆ. ಈಗ ಇನ್ನೊಂದು ರೀತಿ: ಅಲ್ಲಿಂದ ಒಬ್ಬರು, ಇಲ್ಲಿಂದ ಒಬ್ಬರು, ಮನೆಯಲ್ಲಿರುವವರು ಕೊನೆಗೆ. ಯಾರ ಸೀಟೂ ಹೋಗಲ್ಲ. ಆದರೆ 1986ರಲ್ಲಿ ಸೇರಿದವರ ಪಕ್ಕದಲ್ಲಿ 2005ರ ಹುಡುಗ ಕೂತಿದ್ದಾನೆ. 1985ರವರು 1996ರವರ ಕೆಳಗೆ. ಎರಡೂ ಪ್ರೋಗ್ರಾಂ ಸರಿಯಾಗೇ ಓಡುತ್ತೆ, ಎರರ್ ಬರಲ್ಲ.

ನಿಜ ಜೀವನದಲ್ಲಿ ಎರಡೂ ಕಡೆಯವರು ಒಪ್ಪದೆ ವಿಷಯ ಮಧ್ಯಸ್ಥಿಕೆಗೆ ಹೋಯಿತು. ಮಧ್ಯಸ್ಥರು ಹೇಳಿದ್ದೇ ಅಂತಿಮ ಅಂತ ಅಲ್ಪಾದ ನಿಯಮ. 2007ರ ಮೇ ತಿಂಗಳಲ್ಲಿ ಜಾರ್ಜ್ ನಿಕೊಲೌ ತೀರ್ಪು ಕೊಟ್ಟರು. ದೊಡ್ಡ ವಿಮಾನಗಳ ಹಾರಾಟ ತಂದದ್ದು ಪೂರ್ವದವರಾದ್ದರಿಂದ ಅವರ 517 ಹಿರಿಯರು ಎಲ್ಲಕ್ಕಿಂತ ಮೇಲೆ. ಕೆಲಸ ಕಳಕೊಂಡು ಮನೆಯಲ್ಲಿದ್ದ ಪೂರ್ವದವರು ಕೊನೆಯಲ್ಲಿ. ನಡುವಿನವರು ಅನುಪಾತದಲ್ಲಿ. ಪರಿಣಾಮ, 17 ವರ್ಷ ಸೇವೆ ಮಾಡಿದ್ದ ಪೂರ್ವದ ಪೈಲಟ್ ಕೆಲವೇ ತಿಂಗಳ ಹಿಂದೆ ಸೇರಿದ ಪಶ್ಚಿಮದ ಪೈಲಟ್ ಪಕ್ಕದಲ್ಲಿ.

ಪೂರ್ವದವರ ಮಾತು: ಸಂಬಳ ಕಡಿತ, ಪಿಂಚಣಿ ನಷ್ಟ, ದಿವಾಳಿ ಎಲ್ಲ ಅನುಭವಿಸಿ 17 ವರ್ಷ ಕಾದಿದ್ದೇವೆ, ನಿನ್ನೆ ಬಂದವರಿಗೆ ಸಮವೇ? ಪಶ್ಚಿಮದವರ ಮಾತು: ನಿಮ್ಮ ಕಂಪನಿ ಮುಳುಗುತ್ತಿತ್ತು, ಈ ವಿಲೀನ ಇಲ್ಲದಿದ್ದರೆ ನಿಮ್ಮ ನಂಬರಿಗೆ ಬೆಲೆಯೇ ಇರುತ್ತಿರಲಿಲ್ಲ, ನಮ್ಮ ಸೀಟು ನಿಮಗೇಕೆ? ನಮ್ಮ ಕೂಟದಲ್ಲಿ ಓಟು ಸರಿಯಾಗಿ ಅರ್ಧರ್ಧ ಬಿತ್ತು. ನಮ್ಮ ಅಭಿಪ್ರಾಯ ಕೇಳಿದರೆ, ಇಬ್ಬರ ವಾದವೂ ಸರಿ ಇರಬಹುದು, ಆದರೆ ಅಂತಿಮ ಅಂತ ಮೊದಲೇ ಒಪ್ಪಿಕೊಂಡ ತೀರ್ಪನ್ನು ಆಮೇಲೆ ತಲೆ ಎಣಿಸಿ ಉರುಳಿಸಿದ್ದು ಸರಿಯಲ್ಲ. ನಡೆದದ್ದು ಅದೇ. ಪೂರ್ವದವರ ಸಂಖ್ಯೆ ಜಾಸ್ತಿ ಇತ್ತು. ಸೇರಿದ ತಾರೀಖೇ ಪ್ರಮಾಣ ಎನ್ನುವ ಹೊಸ ಯೂನಿಯನ್ ಕಟ್ಟಿ 2008ರಲ್ಲಿ ಓಟಿನ ಮೂಲಕ ಅಲ್ಪಾವನ್ನು ಹೊರಗೆ ಹಾಕಿದರು.

ಪಶ್ಚಿಮದವರು ಸ್ವಂತ ಯೂನಿಯನ್ ಮೇಲೇ ಕೇಸು ಹಾಕಿದರು. ಅವರು ಹಿಡಿದ ಕಾನೂನು ತತ್ವ 1944ರದ್ದು. ರೈಲ್ವೆಯಲ್ಲಿ ಕಪ್ಪು ಕಾರ್ಮಿಕರನ್ನು ಹೊರತಳ್ಳಲು ಬಿಳಿಯರ ಯೂನಿಯನ್ ಒಪ್ಪಂದ ಮಾಡಿಕೊಂಡಾಗ, ಎಲ್ಲರ ಪರವಾಗಿ ಮಾತಾಡುವ ಹಕ್ಕು ಪಡೆದ ಯೂನಿಯನ್ ಅಲ್ಪಸಂಖ್ಯಾತರಿಗೂ ನ್ಯಾಯವಾಗಿ ನಡೆದುಕೊಳ್ಳಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಪೈಲಟ್‌ಗಳ ಕೇಸಿನಲ್ಲಿ 2009ರಲ್ಲಿ ಜ್ಯೂರಿ ಪಶ್ಚಿಮದವರ ಪರ, 2010ರಲ್ಲಿ ಮೇಲಿನ ಕೋರ್ಟು "ಇನ್ನೂ ಕಾಲ ಪಕ್ವವಾಗಿಲ್ಲ" ಅಂತ ವಾಪಸ್. ವರ್ಷಗಟ್ಟಲೆ ಒಂದೇ ಬಣ್ಣದ ವಿಮಾನಗಳನ್ನು ಎರಡು ಗುಂಪುಗಳು ಎರಡು ಪಟ್ಟಿ, ಎರಡು ಒಪ್ಪಂದ ಇಟ್ಟುಕೊಂಡು ಹಾರಿಸಿದವು. ಒಟ್ಟಿಗೆ ಕೂತು ಹೊಸ ಒಪ್ಪಂದ ಕೇಳುವವರೇ ಇಲ್ಲದ್ದರಿಂದ ಪೂರ್ವದವರು ದಿವಾಳಿ ಕಾಲದ ಸಂಬಳದಲ್ಲೇ ಉಳಿದರು. ಕಂಪನಿಗೆ ಇದರಿಂದ ಬೇಜಾರಾಯಿತು ಅಂತ ನಮಗೇನೂ ಅನ್ನಿಸುವುದಿಲ್ಲ. 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಇನ್ನೊಂದು ವಿಲೀನವಾಗಿ, ಮೂರು ಪಟ್ಟಿಗಳನ್ನು ಸೇರಿಸಿದ ಒಂದೇ ಪಟ್ಟಿ ಬಂದಾಗ 2016.

ಇದರ ನಡುವೆ ಮತ್ತೊಂದು ಬರೆ. ಅಮೆರಿಕದಲ್ಲಿ ಪೈಲಟ್‌ಗಳ ನಿವೃತ್ತಿ ವಯಸ್ಸು 60 ಇತ್ತು, ಮೇಲಿನವರು ಹೋದಂತೆ ಕೆಳಗಿನವರು ಏರುತ್ತಿದ್ದರು. 2007ರ ಡಿಸೆಂಬರ್‌ನಲ್ಲಿ ಅದು 65 ಆಯಿತು. ದಶಕಗಳ ಕಾಲ 60ನ್ನೇ ಸಮರ್ಥಿಸಿದ್ದ ಅಲ್ಪಾ ಅದೇ ವರ್ಷ ನಿಲುವು ಬದಲಿಸಿತ್ತು. ಪಿಂಚಣಿ ಕಳೆದುಕೊಂಡ ಹಿರಿಯರಿಗೆ ಐದು ವರ್ಷದ ಉಸಿರು, ಕಿರಿಯರಿಗೆ ಐದು ವರ್ಷ ಅದೇ ಸೀಟು. "ನಾಳೆ ನೀವೂ ಸೀನಿಯರ್ ಆಗ್ತೀರಲ್ಲ" ಅಂದವರು ನಾಳೆಯನ್ನೇ ಮುಂದೂಡಿದ ಹಾಗೆ.

ನಮ್ಮ ದೇಶದಲ್ಲೂ 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಪೈಲಟ್‌ಗಳ ಯೂನಿಯನ್‌ಗಳು ಮಾತ್ರ ಎರಡಾಗಿಯೇ ಉಳಿದವು. ಹೊಸ ಬೋಯಿಂಗ್ 787 ವಿಮಾನದ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್ ಕಡೆಯವರನ್ನೂ ಕಳಿಸುತ್ತಾರೆ ಎಂದಾಗ ಏರ್ ಇಂಡಿಯಾ ಕಡೆಯ ಇಂಡಿಯನ್ ಪೈಲಟ್ಸ್ ಗಿಲ್ಡ್ 2012ರ ಮೇ ತಿಂಗಳಲ್ಲಿ ಮುಷ್ಕರ ಹೂಡಿತು. ತಮ್ಮ ಕಮಾಂಡ್ ಬಡ್ತಿ ಹಿಂದೆ ಬೀಳುತ್ತದೆ ಎಂಬ ಭಯ. 58 ದಿನ ನಡೆಯಿತು, ನೂರಕ್ಕೂ ಹೆಚ್ಚು ಪೈಲಟ್‌ಗಳನ್ನು ವಜಾ ಮಾಡಿದರು, ಗಿಲ್ಡ್‌ನ ಮಾನ್ಯತೆ ಹೋಯಿತು. ಆ ಹೊತ್ತಿನಲ್ಲಿ ಇನ್ನೊಂದು ಕಡೆಯ ಪೈಲಟ್‌ಗಳು ವಿಮಾನ ಹಾರಿಸುತ್ತಲೇ ಇದ್ದರು.

ಮುಂದಿನ ಓದುಕೂಟಕ್ಕೆ ಬರುವವರಿಗೆ ಒಂದು ಲೆಕ್ಕ. ಮೇಲಿನ 'ಅ', 'ಬ' ಕಂಪನಿಗಳ ಹತ್ತು ಹೆಸರುಗಳಿಗೆ ಮೂರನೆಯ ಒಂದು ಪಟ್ಟಿ ನೀವೇ ಬರೆದು ತನ್ನಿ. ಹತ್ತರಲ್ಲಿ ಆರು ಓಟು 'ಅ' ಕಂಪನಿಯವು ಅನ್ನೋದು ನೆನಪಿರಲಿ. ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಡುತ್ತೇವೆ, ಆ ಹೆಸರಲ್ಲಿ ಕೂತು ಓಟು ಹಾಕಬೇಕು. ಪಟ್ಟಿಯನ್ನು ಮಾತ್ರ ಚೀಟಿ ಎತ್ತುವ ಮುಂಚೆಯೇ ನಮ್ಮ ಕೈಗೆ ಕೊಟ್ಟಿರಬೇಕು, ಆಮೇಲೆ ತಿದ್ದೋ ಹಾಗಿಲ್ಲ.